ತೋಟದ ಜೀಪಿಗೆ ಐದು ಟಯರ್: ಮೂಡಿಗೆರೆಯ ಒಂದು ಪ್ರಕರಣ ಅಧ್ಯಯನ

ಮೂಡಿಗೆರೆ ತಾಲ್ಲೂಕಿನಲ್ಲಿರುವ ಅಕ್ಕ-ಭಾವನವರ ಕಾಫಿ ತೋಟದ ಲೆಕ್ಕಪತ್ರವನ್ನು ಹಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಗೊಬ್ಬರ, ಕೂಲಿ, ಡೀಸೆಲ್, ಬೋರ್ಡೋ ದ್ರಾವಣಕ್ಕೆ ಬೇಕಾಗುವ ಸುಣ್ಣ ಮತ್ತು ಮೈಲುತುತ್ತ, ಹೀಗೆ ಎಲ್ಲಕ್ಕೂ ಪುಸ್ತಕದಲ್ಲಿ ಒಂದೊಂದು ಪುಟವಿದೆ. ಟಯರಿಗೆ ಮಾತ್ರ 2021ರವರೆಗೆ ಪ್ರತ್ಯೇಕ ಪುಟವಿರಲಿಲ್ಲ. ಆ ಖರ್ಚು ‘ಜೀಪು ರಿಪೇರಿ’ ಎಂಬ ತಲೆಬರಹದ ಕೆಳಗೆ ಸೇರಿಹೋಗುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ನಾನು ಮಾಡಿದ ಒಂದು ತಪ್ಪು ಲೆಕ್ಕದಿಂದಾಗಿ ಟಯರಿಗೆ ಬೇರೆ ಪುಟ ತೆರೆಯಬೇಕಾಯಿತು. ಅಗ್ಗದ ಟಯರ್ ಕೊಳ್ಳಬೇಕೋ ದುಬಾರಿಯದನ್ನು ಕೊಳ್ಳಬೇಕೋ ಎಂದು ಯೋಚಿಸುತ್ತಿರುವ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯ ಮಾಲೀಕರಿಗೆ ಆ ಪುಟದ ವಿವರಗಳು ಉಪಯೋಗವಾದಾವು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಜೀಪು 2017ರ ಮಹೀಂದ್ರ ಥಾರ್. ಮಲೆನಾಡಿನಲ್ಲಿ ಇಂಥ ಗಾಡಿಗಳಿಗೆಲ್ಲ ಇರುವ ಹೆಸರು ಜೀಪು, ಹಾಗಾಗಿ ಇಲ್ಲಿಯೂ ಅದೇ ಹೆಸರು ಇರಲಿ. ಅದರ ಟಯರಿನ ಅಳತೆ 235/70 ಆರ್16: ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು ಪಾಲು, ಒಳಗಿನ ರಿಮ್ಮಿನ ವ್ಯಾಸ 16 ಇಂಚು. ಈ ಲೆಕ್ಕದಂತೆ ಹೊಸ ಟಯರಿನ ಒಟ್ಟು ವ್ಯಾಸ ಸುಮಾರು 735 ಮಿಲಿಮೀಟರ್ ಆಗುತ್ತದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಈ ಜೀಪಿಗೆ ಇಲ್ಲ. ಮಾಮೂಲು ದಿನಗಳಲ್ಲಿ ಹಿಂದಿನ ಎರಡು ಚಕ್ರಗಳು ಮಾತ್ರ ಗಾಡಿಯನ್ನು ತಳ್ಳುತ್ತವೆ. ಲಿವರ್ ಎಳೆದು ಫೋರ್ ವೀಲ್ ಹಾಕಿದಾಗ ಮುಂದಿನ ಎರಡು ಚಕ್ರಗಳೂ ಸೇರಿಕೊಳ್ಳುತ್ತವೆ. ಹೀಗೆ ಸೇರಿಕೊಂಡಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ಒಂದೇ ವೇಗದಲ್ಲಿ ತಿರುಗಲೇಬೇಕಾಗುತ್ತದೆ, ಏಕೆಂದರೆ ಅವೆರಡರ ನಡುವೆ ವೇಗದ ವ್ಯತ್ಯಾಸವನ್ನು ನುಂಗಿಕೊಳ್ಳುವ ಡಿಫರೆನ್ಷಿಯಲ್ ಇಲ್ಲ. ಈ ಒಂದು ಸಂಗತಿ ನನಗೆ ಮೊದಲೇ ಅರ್ಥವಾಗಿದ್ದರೆ ಮುಂದಿನದ್ದೇನೂ ನಡೆಯುತ್ತಿರಲಿಲ್ಲ.

2021ರ ಮೇ ಕೊನೆಯಲ್ಲಿ ಹಿಂದಿನ ಎರಡು ಟಯರುಗಳು ಪೂರ್ತಿ ಸವೆದಿದ್ದವು. ಮುಂದಿನವು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೂ ಇನ್ನೊಂದು ಮಳೆಗಾಲಕ್ಕೆ ಸಾಕು ಎನ್ನಿಸಿತು. ಅಂಗಡಿಯವರು ಅದೇ ಅಳತೆಯ, ರಸ್ತೆಗೆಂದೇ ಮಾಡಿದ ನುಣುಪು ವಿನ್ಯಾಸದ ಎರಡು ಟಯರುಗಳನ್ನು ಒಳ್ಳೆಯ ರಿಯಾಯಿತಿಗೆ ಕೊಡುವುದಾಗಿ ಹೇಳಿದರು. ನಾನು ಒಪ್ಪಿದೆ. ಆಗಿನ ಮಾರುಕಟ್ಟೆ ಬೆಲೆಗೆ ಹೋಲಿಸಿದರೆ ಎರಡಕ್ಕೂ ಸೇರಿ ನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚು ಉಳಿದಿತ್ತು, ಮತ್ತು ಆ ಉಳಿತಾಯದ ಬಗ್ಗೆ ನನಗೆ ಸಮಾಧಾನವೂ ಇತ್ತು.

ಜುಲೈ ಎರಡನೆಯ ವಾರ ಮಳೆ ಜೋರಾಗಿದ್ದ ಒಂದು ಸಂಜೆ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಕಡೆಯಿಂದ ಮೇಲಕ್ಕೆ ಬರುವ ದಾರಿಯಲ್ಲಿ ಜೀಪು ಕೆಸರಿನಲ್ಲಿ ಜಾರತೊಡಗಿತು. ಹಿಂದಿನ ಹೊಸ ಟಯರುಗಳ ಸಪೂರ ಗೆರೆಗಳಲ್ಲಿ ಮಣ್ಣು ತುಂಬಿಕೊಂಡು ಅವು ಹಿಡಿತವನ್ನೇ ಕಳೆದುಕೊಂಡಿದ್ದವು. ಡ್ರೈವರ್ ಫೋರ್ ವೀಲ್ ಹಾಕಿದರು. ಆ ದಾರಿಯಲ್ಲಿ ಕೆಸರಿನ ತುಂಡೊಂದು, ಅದರ ಮೇಲೆ ಕಡಿದಾದ ಏರಿಗೆ ಹಾಕಿದ ಕಾಂಕ್ರೀಟಿನ ತುಂಡೊಂದು, ಮತ್ತೆ ಕೆಸರು, ಮತ್ತೆ ಕಾಂಕ್ರೀಟು, ಹೀಗೆ ಸುಮಾರು ಒಂದೂವರೆ ಕಿಲೋಮೀಟರ್ ಸಾಗುತ್ತದೆ. ಹಿಂದಿನ ಚಕ್ರಗಳಿಗೆ ನಂಬಿಕೆಯಿಲ್ಲವಾದ್ದರಿಂದ ಅವರು ಕಾಂಕ್ರೀಟಿನ ಮೇಲೂ ಫೋರ್ ವೀಲನ್ನು ತೆಗೆಯಲಿಲ್ಲ. ಕಣದ ಹತ್ತಿರ ಬಂದು ತೆಗೆಯಲು ನೋಡಿದಾಗ ಲಿವರ್ ಅಲುಗಾಡಲಿಲ್ಲ. “ಗೌಡ್ರೆ, ಲಿವರ್ ಬರ್ತಾನೇ ಇಲ್ಲ, ಕಚ್ಕೊಂಡ್‌ಬಿಟ್ಟಿದೆ” ಎಂದು ಭಾವನವರಿಗೆ ಹೇಳಿದರು. ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಾಗ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದಾಗಿ ಲಿವರ್ ಬಿಟ್ಟುಕೊಂಡಿತು. ಆ ತಿಂಗಳಲ್ಲಿ ಹೀಗೆ ಮತ್ತೆ ಮೂರು ಸಲ ಆಯಿತು. ನಾಲ್ಕನೆಯ ಸಲಕ್ಕೆ ಮುಂದಿನ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ಹೋಗಿತ್ತು. ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ ಬೇರಿಂಗುಗಳನ್ನೂ ಬದಲಾಯಿಸಬೇಕಾಯಿತು. ಬಿಲ್ಲು 31,000 ರೂಪಾಯಿ.

ಕಾರಣವನ್ನು ತೋರಿಸಿಕೊಟ್ಟವರು ಆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಅವರು ಮುಂದಿನ ಒಂದು ಟಯರಿಗೂ ಹಿಂದಿನ ಒಂದು ಟಯರಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ನೇರಕ್ಕೆ ನೆಲದ ಮೇಲೂ ಗುರುತು ಹಾಕಿ, ಜೀಪನ್ನು ನೇರವಾಗಿ ತಳ್ಳಿಸಿ, ಚಕ್ರ ಹತ್ತು ಸುತ್ತು ಮುಗಿಸಿದ ಜಾಗಗಳನ್ನು ಟೇಪಿನಲ್ಲಿ ಅಳೆದರು. ಸವೆದ ಮುಂದಿನ ಟಯರ್ ಹತ್ತು ಸುತ್ತಿಗೆ 22 ಮೀಟರ್ 1 ಸೆಂಟಿಮೀಟರ್ ಸಾಗಿತ್ತು. ಹಿಂದಿನ ಹೊಸದು 22 ಮೀಟರ್ 39 ಸೆಂಟಿಮೀಟರ್. ನೋಡುವುದಕ್ಕೆ 38 ಸೆಂಟಿಮೀಟರ್ ದೊಡ್ಡದಲ್ಲ. ಆದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎಂಟು ಸುತ್ತು ಹೆಚ್ಚು ತಿರುಗಬೇಕು ಎಂದು ಇದರ ಅರ್ಥ, ಮತ್ತು ಫೋರ್ ವೀಲ್ ಹಾಕಿರುವಾಗ ಹಾಗೆ ತಿರುಗಲು ಅದಕ್ಕೆ ಅವಕಾಶವೇ ಇಲ್ಲ. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಆ ವ್ಯತ್ಯಾಸ ಕರಗಿಹೋಗುತ್ತದೆ. ಒರಟು ಕಾಂಕ್ರೀಟಿನ ಮೇಲೆ ಸುಲಭವಾಗಿ ಜಾರಲಾಗದೆ ಆ ವ್ಯತ್ಯಾಸದ ತಿರುಚು ಶಾಫ್ಟು, ಗೇರು, ಬೇರಿಂಗುಗಳ ಒಳಗೆ ಹಗ್ಗ ಹುರಿಗೊಂಡಂತೆ ಕೂಡುತ್ತಾ ಹೋಗುತ್ತದೆ. ನಾಲ್ಕೂ ಟಯರ್ ಸಮನಾಗಿದ್ದರೂ ತಿರುವುಗಳಲ್ಲಿ ಈ ತೊಂದರೆ ಇರುವುದರಿಂದಲೇ ಗಟ್ಟಿ ರಸ್ತೆಯ ಮೇಲೆ ಫೋರ್ ವೀಲ್ ಹಾಕಬಾರದು ಎನ್ನುತ್ತಾರೆ. ಟಯರುಗಳು ಅಸಮವಾಗಿದ್ದರೆ ನೇರ ದಾರಿಯಲ್ಲಿಯೇ ಅದು ಶುರುವಾಗುತ್ತದೆ.

ಅದೇ ದಿನ ಇನ್ನೊಂದು ವಿಷಯವೂ ತಿಳಿಯಿತು. ಟಯರಿನ ಪಕ್ಕದ ಗೋಡೆಯ ಮೇಲೆ ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ನಾನು ರಿಯಾಯಿತಿಗೆ ತಂದ ಎರಡರ ಮೇಲೂ 3117 ಎಂದಿತ್ತು. 2017ರ ಮೂವತ್ತೊಂದನೆಯ ವಾರದಲ್ಲಿ ತಯಾರಾಗಿ, ನಾಲ್ಕು ವರ್ಷ ಗೋದಾಮಿನಲ್ಲಿ ಕುಳಿತಿದ್ದ ಮಾಲು ಅದು. ಬಳಸದೆ ಇಟ್ಟರೂ ರಬ್ಬರು ಗಾಳಿ ಮತ್ತು ಬಿಸಿಗೆ ನಿಧಾನವಾಗಿ ಗಡುಸಾಗುತ್ತದೆ. ಗಡುಸಾದ ರಬ್ಬರು ಮಳೆಯಲ್ಲಿ ನೆನೆದ ಟಾರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಐದು ವರ್ಷ ದಾಟಿದ ಟಯರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಬೇಕು, ಗೆರೆಗಳು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷಕ್ಕಿಂತ ಹೆಚ್ಚು ಬಳಸಬಾರದು ಎಂದು ಹೆಸರಾಂತ ತಯಾರಕರೇ ಹೇಳುತ್ತಾರೆ. ನಾನು ರಿಯಾಯಿತಿ ಎಂದುಕೊಂಡದ್ದು ಟಯರಿನ ಆಯುಸ್ಸಿನ ಒಂದು ದೊಡ್ಡ ತುಂಡಿಗೆ ಕಟ್ಟಿದ ಬೆಲೆಯಾಗಿತ್ತು.

ಇಷ್ಟಾದ ಮೇಲೆ, ಮುಂದಿನ ಟಯರುಗಳನ್ನು ಕೊಳ್ಳುವ ಮುನ್ನ ಜೀಪು ನಿಜವಾಗಿ ಎಲ್ಲಿ ಓಡುತ್ತಿದೆ ಎಂಬುದನ್ನು ತಿಳಿಯಬೇಕು ಎಂದು ತೀರ್ಮಾನಿಸಿದೆವು. ಒಂದು ಸಣ್ಣ ನೋಟ್‌ಬುಕ್ಕನ್ನು ಜೀಪಿನಲ್ಲಿಟ್ಟು, ಯಾರು ಓಡಿಸಿದರೂ ಕಿಲೋಮೀಟರ್ ಮತ್ತು ದಾರಿಯ ಬಗೆಯನ್ನು ಬರೆಯಬೇಕೆಂದು ಗೊತ್ತುಮಾಡಿದೆವು. ರಿಪೇರಿ ಮುಗಿದ ಮೇಲಿನ ಎರಡು ತಿಂಗಳಲ್ಲಿ, ಅಂದರೆ ಮಳೆ ಇನ್ನೂ ಪೂರ್ತಿ ಬಿಡದ ಅವಧಿಯಲ್ಲಿ, ಒಟ್ಟು 2,160 ಕಿಲೋಮೀಟರ್ ಆಯಿತು. ಅದರಲ್ಲಿ 1,640 ಕಿಲೋಮೀಟರ್ ಟಾರು ರಸ್ತೆ. 390 ಕಿಲೋಮೀಟರ್ ತೋಟದ ಜಲ್ಲಿ ಮತ್ತು ಗಟ್ಟಿಮಣ್ಣಿನ ದಾರಿ. ಫೋರ್ ವೀಲ್ ಇಲ್ಲದೆ ಸಾಗದ ಕೆಸರು ಮತ್ತು ಹುಲ್ಲಿನ ಏರು 130 ಕಿಲೋಮೀಟರ್. ನೂರಕ್ಕೆ ಆರು. ಭಾವನವರಿಗೆ ಈ ಅಂಕಿಯನ್ನು ನಂಬುವುದು ಕಷ್ಟವಾಯಿತು, ನನಗೂ ಸಹ. ತೋಟದಲ್ಲಿರುವವರ ನೆನಪಿನಲ್ಲಿ ಉಳಿಯುವುದು ಹೂತುಹೋದ ದಿನಗಳೇ ಹೊರತು ಸುಮ್ಮನೆ ಮೂಡಿಗೆರೆ ಪೇಟೆಗೆ ಹೋಗಿಬಂದ ದಿನಗಳಲ್ಲ.

ಹಾಗೆಂದು ಆ ನೂರಕ್ಕೆ ಆರನ್ನು ಕಡೆಗಣಿಸುವಂತಿಲ್ಲ. ಜುಲೈ ತಿಂಗಳ ರಾತ್ರಿಯಲ್ಲಿ ಲೈನ್ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೇಲಕ್ಕೆ ಕರೆತರಲು ಇರುವುದು ಈ ಜೀಪು ಒಂದೇ. ಆದರೂ ಎರಡು ಬಗೆಯ ದಾರಿಯಲ್ಲಿ ಟಯರು ಕೈಕೊಟ್ಟರೆ ಏನಾಗುತ್ತದೆ ಎಂದು ಹೋಲಿಸಿ ನೋಡಿದಾಗ ನನ್ನ ಅಭಿಪ್ರಾಯ ಗಟ್ಟಿಯಾಯಿತು. ತೋಟದ ಕೆಸರಿನಲ್ಲಿ ಟಯರು ಸೋತರೆ ಗಾಡಿ ನಿಲ್ಲುತ್ತದೆ; ಟ್ರ್ಯಾಕ್ಟರ್ ತರಿಸಿ ಎಳೆಸಬೇಕು, ಒಂದು ಗಂಟೆ ಹೋಗುತ್ತದೆ. ಅಕ್ಕನ ಮಗಳು ಆಗ ಉಜಿರೆಯಲ್ಲಿ ಓದುತ್ತಿದ್ದಳು. ಅವಳನ್ನು ಕರೆತರಲು ತಿಂಗಳಿಗೆ ಎರಡು ಸಲವಾದರೂ ಜೀಪು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿದು ಹತ್ತುತ್ತಿತ್ತು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿಹೋಗಿದ್ದ ದಾರಿ ಅದು. ಮಳೆಗಾಲದಲ್ಲಿ ಮಂಜು ಮುಸುಕಿದಾಗ ಹತ್ತು ಮಾರು ದೂರದ ತಿರುವು ಕಾಣುವುದಿಲ್ಲ, ಬಂಡೆಯಿಂದ ಇಳಿಯುವ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿರುತ್ತದೆ. ಎಬಿಎಸ್ ಇಲ್ಲದ ಗಾಡಿಯ ಟಯರು ಅಲ್ಲಿ ಸೋತರೆ ಎಳೆಸಲು ಟ್ರ್ಯಾಕ್ಟರ್ ಕರೆಯುವ ಮಾತು ಬರುವುದಿಲ್ಲ. ಟಯರಿಗೆ ಕೊಡುವ ಹಣದ ದೊಡ್ಡ ಪಾಲು ನೆನೆದ ಟಾರಿನ ಮೇಲಿನ ಹಿಡಿತಕ್ಕೆ ಹೋಗಬೇಕು, ಕೆಸರಿನ ಹಿಡಿತ ಅದರ ನಂತರ ಬರಬೇಕು ಎಂದು ನಾನು ಪಟ್ಟು ಹಿಡಿದದ್ದು ಈ ಕಾರಣಕ್ಕೆ, ಮತ್ತು ಇಂದಿಗೂ ಅದೇ ನನ್ನ ನಿಲುವು.

2022ರ ಏಪ್ರಿಲ್‌ನಲ್ಲಿ ಬೆಲೆ ವಿಚಾರಿಸಿದಾಗ ನಮ್ಮ ಮುಂದೆ ನಾಲ್ಕು ದಾರಿಗಳಿದ್ದವು.

ಹಳೆಯ ಟಯರುಗಳಿಗೇ ಹೊಸ ರಬ್ಬರು ಕೂರಿಸಿಕೊಡುವ ರೀಸೋಲ್ ಎಲ್ಲಕ್ಕಿಂತ ಅಗ್ಗ, ಒಂದಕ್ಕೆ 3,200 ರೂಪಾಯಿ. ಲಾರಿಗಳ ಹಿಂದಿನ ಚಕ್ರಗಳಿಗೆ ಇದು ದೇಶದಾದ್ಯಂತ ನಡೆಯುವ, ಒಳ್ಳೆಯ ಉಳಿತಾಯದ ಕ್ರಮ. ಅದರ ಬಗ್ಗೆ ನನಗೆ ಯಾವ ತಾತ್ಸಾರವೂ ಇಲ್ಲ. ಆದರೆ ತೋಟದ ಕಲ್ಲಿಗೆ ಐದು ವರ್ಷ ಬಡಿಸಿಕೊಂಡ ಟಯರುಗಳ ಒಳಗಿನ ನೂಲು ಮತ್ತು ತಂತಿಯ ಪದರ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು, ಘಾಟಿ ಇಳಿಯುವ ಗಾಡಿಯ ಮುಂದಿನ ಚಕ್ರಕ್ಕೆ ಅದನ್ನು ಹಾಕಲು ಮನಸ್ಸು ಒಪ್ಪಲಿಲ್ಲ. ರಸ್ತೆಗೆಂದೇ ಮಾಡಿದ ದೇಶೀಯ ಟಯರು 5,900 ರೂಪಾಯಿ. ಎರಡೂ ಬಗೆಯ ನೆಲಕ್ಕೆ ಹೊಂದುವಂತೆ ಮಾಡಿದ, ಎ/ಟಿ ಎಂದು ಕರೆಯುವ ದೇಶೀಯ ಟಯರು 7,800 ರೂಪಾಯಿ. ಕೊನೆಯದು ಭಾವನವರ ಆಯ್ಕೆ: ಬಿಎಫ್‌ಗುಡ್ರಿಚ್ ಕಂಪನಿಯ, ಲಘು ಟ್ರಕ್ಕುಗಳ ದರ್ಜೆಯ ಎ/ಟಿ. ಒಂದಕ್ಕೆ 17,500 ರೂಪಾಯಿ ಹೇಳಿದರು, ಅದೂ ಮಾಲು ಬಂದಾಗ ತಿಳಿಸುತ್ತೇವೆ ಎಂಬ ಮಾತಿನೊಂದಿಗೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಪರವಾನಗಿಯಿಲ್ಲದೆ ತರಿಸುವಂತಿರಲಿಲ್ಲ, ಹಾಗಾಗಿ ಹೊರಗಿನ ಟಯರು ದುಬಾರಿಯೂ ಅಪರೂಪವೂ ಆಗಿತ್ತು.

ದಪ್ಪ ಗಟ್ಟಿಗಳಿರುವ ಮಡ್ ಟಯರಿನ ಮಾತೂ ಬಂತು. ಜೀಪಿಗೆ ಅದು ಕೊಡುವ ಗತ್ತು ಬೇರೆ ಯಾವುದೂ ಕೊಡುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಗಟ್ಟಿಗಳ ನಡುವಿನ ಅಗಲವಾದ ಸಂದುಗಳಿಂದಾಗಿ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆ, ನೀರಿನ ತೆಳು ಪದರವನ್ನು ಸೀಳುವ ಸಣ್ಣ ಸೀಳುಗೆರೆಗಳೂ ಅದರಲ್ಲಿ ಕಡಿಮೆ. ಕೆಸರನ್ನು ಎಸೆದು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುವ ಅದೇ ಗುಣ ನೆನೆದ ಟಾರಿನ ಮೇಲೆ ದೋಷವಾಗುತ್ತದೆ. ವರ್ಷವಿಡೀ ತೋಟದೊಳಗೇ ಇರುವ, ಪೇಟೆಗೆ ಹೋಗದ ಜೀಪಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮದು ಅಂಥ ಜೀಪಲ್ಲ.

ನಿಜವಾದ ಚರ್ಚೆ ನಡೆದದ್ದು ದೇಶೀಯ ಎ/ಟಿ ಮತ್ತು ಬಿಎಫ್‌ಗುಡ್ರಿಚ್ ನಡುವೆ. ಭಾವನವರ ವಾದಕ್ಕೆ ತೂಕವಿತ್ತು: ಬಿಎಫ್‌ಗುಡ್ರಿಚ್‌ನ ಪಕ್ಕದ ಗೋಡೆ ದಪ್ಪ, ಕಲ್ಲಿಗೆ ಸಿಕ್ಕರೂ ಸೀಳುವುದಿಲ್ಲ, ಅವರ ಗೆಳೆಯರೊಬ್ಬರ ಜೀಪಿನಲ್ಲಿ 70,000 ಕಿಲೋಮೀಟರ್ ಬಂದಿದೆ. “ನೀನು ಬೆಲೆ ನೋಡ್ತೀಯ, ಬಾಳಿಕೆ ನೋಡಲ್ಲ” ಎಂದರು. ನಾನು ಬಾಳಿಕೆಯನ್ನೇ ಲೆಕ್ಕ ಹಾಕಿ ತೋರಿಸಿದೆ. ಸ್ಟೆಪ್ನಿಯೂ ಸೇರಿ ಐದು ದೇಶೀಯ ಟಯರಿಗೆ 39,000 ರೂಪಾಯಿ. ಅವು 45,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 87 ಪೈಸೆ. ಆಮದಿನ ಐದಕ್ಕೆ 87,500 ರೂಪಾಯಿ. 70,000 ಕಿಲೋಮೀಟರ್ ಬಂದರೆ ಒಂದು ರೂಪಾಯಿ 25 ಪೈಸೆ. ಎರಡೂ ಸಮ ಆಗಬೇಕಾದರೆ ದುಬಾರಿಯವು ಒಂದು ಲಕ್ಷ ಕಿಲೋಮೀಟರ್ ಓಡಬೇಕು. ವರ್ಷಕ್ಕೆ ಸುಮಾರು 13,000 ಕಿಲೋಮೀಟರ್ ಓಡುವ ನಮ್ಮ ಜೀಪಿಗೆ ಅದಕ್ಕೆ ಏಳೂವರೆ ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಗೆರೆಗಳು ಉಳಿದಿದ್ದರೂ ರಬ್ಬರು ಮುದಿಯಾಗಿರುತ್ತದೆ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡುವವರ ಲೆಕ್ಕ ಬೇರೆಯಾಗುತ್ತದೆ. ಅಂಥವರು ದುಬಾರಿ ಟಯರು ಮುದಿಯಾಗುವ ಮೊದಲೇ ಅದರ ಬಾಳಿಕೆಯನ್ನು ಪೂರ್ತಿ ಪಡೆದುಕೊಳ್ಳುತ್ತಾರೆ. ಇದರ ಜೊತೆಗೆ ಆ ದರ್ಜೆಯ ಟಯರು ತೂಕದಲ್ಲಿಯೂ ಹೆಚ್ಚು, ಬಿಗಿಯೂ ಹೆಚ್ಚು. ಥಾರ್‌ನ ಒರಟು ಸಸ್ಪೆನ್ಷನ್ ಮೇಲೆ ಹಿಂದಿನ ಸೀಟಿನಲ್ಲಿ ಕೂರುವವರ ಬೆನ್ನಿಗೆ ಅದು ತಿಳಿಯುತ್ತದೆ.

ಅಕ್ಕ ನನ್ನ ಲೆಕ್ಕವನ್ನು ಒಪ್ಪಿದಳು. ಮೈಸೂರಿನಲ್ಲಿ ಬೆಳೆದ ನಮ್ಮಿಬ್ಬರಿಗೂ ದೇಶೀಯ ಟಯರಿನ ಬಗ್ಗೆ ಒಂದು ನಂಬಿಕೆ ಮೊದಲಿನಿಂದಲೂ ಇದೆ. ಜೆಕೆ ಟೈರ್ 1997ರಲ್ಲಿ ಕೊಂಡುಕೊಳ್ಳುವ ಮುನ್ನ ಮೈಸೂರಿನ ವಿಕ್ರಾಂತ್ ಕಾರ್ಖಾನೆ ನಮ್ಮ ಊರಿನ ಹೆಮ್ಮೆಯಾಗಿತ್ತು, ಅಪ್ಪನ ಕಾರಿಗೆ ಬೇರೆ ಟಯರು ಬಂದದ್ದು ನನಗೆ ನೆನಪಿಲ್ಲ. ಆದರೂ ಈ ಸಲ ಆಯ್ಕೆ ಮಾಡಿದ್ದು ಹೆಸರನ್ನು ನೋಡಿ ಅಲ್ಲ. ಅಂಗಡಿಯವರಿಗೆ ಮೂರು ಷರತ್ತು ಹಾಕಿದೆ: ಐದೂ ಒಂದೇ ಕಂಪನಿಯ ಒಂದೇ ಮಾದರಿಯಾಗಿರಬೇಕು; ಐದರ ಮೇಲಿನ ದಿನಾಂಕವೂ ಆರು ತಿಂಗಳ ಒಳಗಿನದಾಗಿರಬೇಕು; ಭಾರದ ಸೂಚ್ಯಂಕ 106ಕ್ಕಿಂತ ಕಡಿಮೆ ಇರಬಾರದು, ಅಂದರೆ ಒಂದೊಂದು ಟಯರೂ 950 ಕಿಲೋ ಹೊರುವಂತಿರಬೇಕು. ಮೊದಲ ದಿನ ತೋರಿಸಿದ ಐದರಲ್ಲಿ ಮೂರು 2022ರವು, ಎರಡು 2019ರ ಕೊನೆಯವು. ವಾಪಸು ಬಂದೆ. ಹನ್ನೆರಡು ದಿನ ಕಾದ ಮೇಲೆ ಐದೂ ಹೊಸವು ಸಿಕ್ಕವು. ಅಂಗಡಿಯವರು ಬೇಸರಿಸಿಕೊಳ್ಳಲಿಲ್ಲ, ದಿನಾಂಕ ಕೇಳುವವರಿಗೆ ಅವರು ಹೊಸ ಮಾಲನ್ನು ಕೊಡುತ್ತಾರೆ, ಕೇಳದವರಿಗೆ ಹಳೆಯದು ಹೋಗುತ್ತದೆ, ಅಷ್ಟೆ. ಉಳಿಸಿದ ಹಣದಲ್ಲಿ 3,000 ರೂಪಾಯಿಗೆ ಜೀಪಿನ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನೂ ಒಂದು ಒಳ್ಳೆಯ ಗೇಜನ್ನೂ ತಂದೆವು.

ಆ ಪಂಪಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಕೆಸರಿನಲ್ಲಿ ನಮಗೆ ದುಬಾರಿ ಟಯರು ಕೊಡಬಹುದಾಗಿದ್ದ ಹಿಡಿತದ ಬಹುಪಾಲನ್ನು ಕೊಟ್ಟದ್ದು ಅದೇ. ರಸ್ತೆಗೆ 30 ಪಿಎಸ್‌ಐ ಇರುವ ಗಾಳಿಯನ್ನು ಕೆಸರಿನ ಏರಿಗೆ ಮುನ್ನ 20ಕ್ಕೆ ಇಳಿಸಿದರೆ ಟಯರು ನೆಲಕ್ಕೆ ಉದ್ದಕ್ಕೆ ಹರಡಿಕೊಂಡು ಕೂರುತ್ತದೆ, ಮುಟ್ಟುವ ಜಾಗ ಹೆಚ್ಚುತ್ತದೆ, ಅಗೆದುಕೊಂಡು ಕೆಳಗಿಳಿಯುವುದರ ಬದಲು ಮಣ್ಣಿನ ಮೇಲೆಯೇ ತೆವಳಿಕೊಂಡು ಹೋಗುತ್ತದೆ. ಇದಕ್ಕಿಂತ ತೀರ ಕೆಳಗೆ ಇಳಿಸಿದರೆ ಟಯರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಹಾಗೆಯೇ ಇಳಿಸಿದ ಗಾಳಿಯಲ್ಲಿ ಟಾರಿನ ಮೇಲೆ ವೇಗವಾಗಿ ಓಡಿಸಿದರೆ ಪಕ್ಕದ ಗೋಡೆ ಬಿಸಿಯಾಗಿ ಹಾಳಾಗುತ್ತದೆ. ಹಾಗಾಗಿ ಕಣಕ್ಕೆ ಬಂದೊಡನೆ ಮತ್ತೆ ಗಾಳಿ ತುಂಬುವುದು ಕಡ್ಡಾಯ. ಡ್ರೈವರ್ ಮೊದಲು ಇದನ್ನು ವೃಥಾ ಕೆಲಸ ಎಂದೇ ಭಾವಿಸಿದ್ದರು. ಮೊದಲ ಮಳೆಗಾಲದಲ್ಲಿ ಜೀಪು ಮೂರು ಸಲ ಹೂತುಕೊಂಡಿತು. ಎರಡು ಸಲ ಗಾಳಿ ಇಳಿಸಿದ್ದರಿಂದಲೇ ಎದ್ದು ಬಂತು, ಒಂದು ಸಲ ಮಾತ್ರ ಟ್ರ್ಯಾಕ್ಟರ್ ಬೇಕಾಯಿತು. ಅದಾದ ಮೇಲೆ ಪಂಪನ್ನು ಯಾರಾದರೂ ಜೀಪಿನಿಂದ ತೆಗೆದಿಟ್ಟರೆ ಕೇಳುವವರು ಅವರೇ.

ಚಾರ್ಮಾಡಿಯಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ, ಮತ್ತು ನಮಗೆ ಬೇಕಾದದ್ದೂ ಅದೇ. ಒಂದೇ ಒಂದು ಸಲ, 2022ರ ಆಗಸ್ಟ್‌ನಲ್ಲಿ, ತಿರುವಿನಾಚೆ ರಸ್ತೆಗೆ ಉರುಳಿದ್ದ ಕಲ್ಲಿನ ಮುಂದೆ ಭಾವನವರು ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕಾಯಿತು. ಜೀಪು ಬದಿಗೆ ಎಳೆಯದೆ ನೇರವಾಗಿ ನಿಂತಿತು. ಮನೆಗೆ ಬಂದ ಮೇಲೆ ಅವರು ಟಯರಿನ ಬೆಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಎತ್ತಿದ್ದರೆ ಅದಕ್ಕೆ ನ್ಯಾಯವಾದ ಕಾರಣ ಮುಂದಿನ ವರ್ಷ ಸಿಗುತ್ತಿತ್ತು. 2023ರ ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು ನಡೆಯುತ್ತಿದ್ದಾಗ, ದಾರಿಯ ಅಂಚಿನಲ್ಲಿ ಓರೆಯಾಗಿ ಕಡಿದಿದ್ದ ಲಂಟಾನದ ಒಣ ಬೊಡ್ಡೆಯೊಂದು ಹಿಂದಿನ ಎಡ ಟಯರಿನ ಪಕ್ಕದ ಗೋಡೆಯನ್ನು ನಾಲ್ಕು ಸೆಂಟಿಮೀಟರ್ ಸೀಳಿಹಾಕಿತು. ಗೆರೆಗಳಿರುವ ಭಾಗಕ್ಕೆ ಮೊಳೆ ಹೊಕ್ಕರೆ ಪಂಚರ್ ಹಾಕಿಸಬಹುದು. ಪಕ್ಕದ ಗೋಡೆ ಚಕ್ರ ಉರುಳುವಾಗ ಕ್ಷಣಕ್ಷಣಕ್ಕೂ ಮಡಚಿ ಬಿಚ್ಚುವ ಜಾಗವಾದ್ದರಿಂದ ಅಲ್ಲಿನ ಸೀಳಿಗೆ ನಂಬಬಹುದಾದ ರಿಪೇರಿ ಇಲ್ಲ, ಟಯರನ್ನು ಎಸೆಯಬೇಕು. ಅದರ ಬದಲಿಗೆ 8,100 ರೂಪಾಯಿಗೆ ಹೊಸದೊಂದನ್ನು ತಂದೆವು. ಉಳಿದವು ಆಗ ಕೇವಲ ಒಂದೂವರೆ ಮಿಲಿಮೀಟರಿನಷ್ಟು ಸವೆದಿದ್ದರಿಂದ ಟಯರುಗಳ ಜಾಗವನ್ನು ಆಗಾಗ ಅದಲುಬದಲು ಮಾಡುವ ಸರದಿಗೆ ಹೊಸದನ್ನೂ ಸೇರಿಸಲು ತೊಂದರೆಯಾಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮತ್ತೊಂದು ಸೀಳಿತು, ಈ ಸಲ ಚರಂಡಿಯ ಅಂಚಿನ ಚೂಪು ಕಲ್ಲಿಗೆ. ಅಷ್ಟರಲ್ಲಿ ಉಳಿದವು ಐದು ಮಿಲಿಮೀಟರಿನಷ್ಟು ಸವೆದಿದ್ದವು, ಹಾಗಾಗಿ 8,600 ರೂಪಾಯಿ ಕೊಟ್ಟು ತಂದ ಹೊಸದನ್ನು ಸ್ಟೆಪ್ನಿಯಾಗಿ ಮಾತ್ರ ಇಟ್ಟು, ಅದು ಚಕ್ರಕ್ಕೆ ಬಂದಿರುವಾಗ ಫೋರ್ ವೀಲ್ ಹಾಕಬಾರದೆಂದು ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಅಂಟಿಸಿದೆ.

ಆ ರಾತ್ರಿ ಪುಟವನ್ನು ಮತ್ತೆ ತೆರೆದು ಕೂಡಿದೆ. 39,000ಕ್ಕೆ 16,700 ಸೇರಿ 55,700 ರೂಪಾಯಿ. 45,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಒಂದು ರೂಪಾಯಿ 24 ಪೈಸೆ. ಎರಡೂವರೆ ವರ್ಷದ ಹಿಂದೆ ಭಾವನವರ ಟಯರಿಗೆ ನಾನು ಹಾಕಿದ್ದ ಲೆಕ್ಕ ಒಂದು ರೂಪಾಯಿ 25 ಪೈಸೆ. ದಪ್ಪ ಗೋಡೆಯ ಆ ಟಯರು ಆ ಎರಡೂ ಪೆಟ್ಟನ್ನು ತಡೆದುಕೊಳ್ಳುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ತಡೆದುಕೊಳ್ಳುವ ಸಾಧ್ಯತೆ ಬಹಳವಿತ್ತು ಎಂದು ಮಾತ್ರ ಹೇಳಬಲ್ಲೆ. ಗೆರೆ ಸವೆಯುವುದನ್ನು ಲೆಕ್ಕಕ್ಕೆ ಹಿಡಿದಿದ್ದ ನಾನು, ನಮ್ಮ ದಾರಿಯಲ್ಲಿ ಟಯರು ಸವೆಯುವ ಮೊದಲೇ ಸೀಳಿ ಸಾಯಬಹುದು ಎಂಬುದನ್ನು ಹಿಡಿದಿರಲಿಲ್ಲ. ಇದನ್ನು ಭಾವನವರಿಗೆ ಹಾಗೆಯೇ ಹೇಳಿದೆ. ಅವರು ಗೆದ್ದೆನೆಂಬಂತೆ ಏನನ್ನೂ ಹೇಳದೆ, ಮರುದಿನವೇ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ದಾರಿಯ ಎರಡೂ ಬದಿಯ ಬೊಡ್ಡೆಗಳನ್ನು ಬುಡಸಹಿತ ಕೀಳಿಸಿದರು, ಚರಂಡಿಯ ಅಂಚಿನ ಕಲ್ಲುಗಳನ್ನು ಒಳಕ್ಕೆ ಸರಿಸಿದರು. ಇಬ್ಬರಿಗೆ ಎರಡು ದಿನದಂತೆ ನಾಲ್ಕು ಆಳಿನ ಕೂಲಿ ಹೋಯಿತು. ಟಯರು ಬದಲಾಯಿಸುವುದಕ್ಕಿಂತ ದಾರಿಯನ್ನು ಸರಿಮಾಡುವುದು ಅಗ್ಗವಾಗಬಹುದು ಎಂಬುದು ನನ್ನ ಯಾವ ಲೆಕ್ಕದಲ್ಲಿಯೂ ಇರಲಿಲ್ಲ. ಅಲ್ಲಿಂದೀಚೆಗೆ ಒಂದೂ ಸೀಳಿಲ್ಲ.

2025ರ ನವೆಂಬರ್‌ಗೆ ಜೀಪಿನ ಮೀಟರು ಆ ಟಯರುಗಳ ಮೇಲೆ 45,000 ಕಿಲೋಮೀಟರ್ ತೋರಿಸಿತು, ಗೆರೆಗಳ ಆಳ ಮೂರು ಮಿಲಿಮೀಟರಿಗೆ ಬಂದಿತ್ತು. ಕಾನೂನು 1.6 ಮಿಲಿಮೀಟರಿನವರೆಗೆ ಬಿಡುತ್ತದೆ. ಆದರೆ ಅಷ್ಟು ಕಡಿಮೆ ಆಳದ ಗೆರೆ ಚಾರ್ಮಾಡಿಯ ನೀರನ್ನು ಹೊರಹಾಕಲಾರದು. ಬದಲಾಯಿಸುವ ಸಮಯವೂ ಅನುಕೂಲವಾಗಿಯೇ ಬಂದಿತ್ತು, ಏಕೆಂದರೆ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿತ್ತು. ಈ ಸಲ ಕೊಳ್ಳಬೇಕಾದದ್ದು ಐದಲ್ಲ, ನಾಲ್ಕೇ. ಹೆಚ್ಚುಕಡಿಮೆ ನೆಲವನ್ನೇ ಮುಟ್ಟದೆ ಉಳಿದಿದ್ದ 2024ರ ಸ್ಟೆಪ್ನಿ ಅದೇ ಮಾದರಿಯದಾದ್ದರಿಂದ ಹೊಸ ಗುಂಪಿಗೆ ಐದನೆಯದಾಗಿ ಸೇರಿಕೊಂಡಿತು. ಅದರ 8,600 ರೂಪಾಯಿಯನ್ನು ಹಳೆಯ ಲೆಕ್ಕದಿಂದ ತೆಗೆದು ಹೊಸದಕ್ಕೆ ಬರೆದರೆ ಹಿಂದಿನ ಟಯರುಗಳಿಗೆ ಕಿಲೋಮೀಟರಿಗೆ ಬಿದ್ದ ಖರ್ಚು ಒಂದು ರೂಪಾಯಿ 5 ಪೈಸೆ.

ನಾಲ್ಕನ್ನೂ ಕೂರಿಸಿ, ಅಲೈನ್‌ಮೆಂಟ್ ಮಾಡಿಸಿ ತಂದ ದಿನ ಭಾವನವರು ತಾವೇ ಸೀಮೆಸುಣ್ಣ ಹಿಡಿದು ಕಣದ ಕಾಂಕ್ರೀಟಿನ ಮೇಲೆ ಗೆರೆ ಎಳೆದರು. ಹತ್ತು ಸುತ್ತಿಗೆ ಮುಂದಿನದ್ದು 22 ಮೀಟರ್ 40, ಹಿಂದಿನದ್ದು 22 ಮೀಟರ್ 41. ಅದನ್ನು ಟಯರಿನ ಪುಟದಲ್ಲಿ ದಿನಾಂಕದೊಂದಿಗೆ ಬರೆದಿಟ್ಟಿದ್ದೇನೆ.